ಜಾಮೀನಿನ ಸಹಿ

ಕಲ್ಯಾಣದಲ್ಲಿದ್ದೇನೆ ಎಂದರೆ ಊರಿನ ಹಿರಿಯರು ಈಗಲೂ 'ಓಹೋ, ಬಸವಕಲ್ಯಾಣ' ಎಂದು ತಲೆದೂಗುತ್ತಾರೆ. ಅಲ್ಲ, ಇದು ಮುಂಬಯಿ ಹತ್ತಿರದ ಕಲ್ಯಾಣ, ಪುಣೆ ಕಡೆಗೊಂದು ನಾಸಿಕ ಕಡೆಗೊಂದು ರೈಲುಹಳಿ ಕವಲೊಡೆಯುವ ಜಂಕ್ಷನ್ನು ಎಂದು ವಿವರಿಸುವಷ್ಟರಲ್ಲಿ ಅವರ ಆಸಕ್ತಿ ಹೊರಟುಹೋಗಿರುತ್ತದೆ. ಅವರ ತಪ್ಪು ತಿಳಿವಳಿಕೆ ನನಗೆ ಇಷ್ಟವೇ ಅನ್ನಿ. ಆ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದರು, ಈ ಕಲ್ಯಾಣದಲ್ಲಿ ನಾನೂ ಲೆಕ್ಕವನ್ನೇ ನೋಡಿದೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ ನಾನು ಬೆಳ್ತಂಗಡಿ ಕಡೆ, ಹುಬ್ಬಳ್ಳಿ ಕಡೆ ಸುತ್ತಾಡಿ 1995ರಲ್ಲಿ ಇಲ್ಲಿಗೆ ವರ್ಗವಾಗಿ ಬಂದೆ. ಮೂರು ವರ್ಷ ಇದ್ದು ಹೋಗೋಣ ಅಂತ ಬಂದದ್ದು. ಮಕ್ಕಳ ಶಾಲೆ, ಹೆಂಡತಿಯ ಟ್ಯೂಷನ್ ಕ್ಲಾಸು, ಸಾಲ ಮಾಡಿ ತೆಗೆದುಕೊಂಡ ಎರಡು ಕೋಣೆಯ ಫ್ಲ್ಯಾಟು, ಹೀಗೆ ಒಂದೊಂದೇ ಕಾಲಿಗೆ ಸುತ್ತಿಕೊಂಡು ಮೂವತ್ತು ವರ್ಷವಾಯಿತು. ನಿವೃತ್ತನಾದ ಮೇಲೂ ಇಲ್ಲೇ ಇದ್ದೇನೆ. ಈಗ ಊರಿಗೆ ಹೋದರೆ ಅಲ್ಲಿ ನಾನೇ ಪರವೂರಿನವನು.

ಶಾಖೆಗೆ ಹೊಸದಾಗಿ ಬಂದವನಿಗೆ ಯಾರಿಗೂ ಬೇಡವಾದ ಮೇಜು ಸಿಗುತ್ತದೆ. ನನಗೆ ಸಿಕ್ಕಿದ್ದು ಸರ್ಕಾರಿ ಯೋಜನೆಗಳ ಮೇಜು. ಹಿಂದೆ ಒಂದು ಕಬ್ಬಿಣದ ಕಪಾಟು, ಅದರ ತುಂಬ ದಾರ ಕಟ್ಟಿದ ಫೈಲುಗಳು. ಹೆಚ್ಚಿನವು ಪ್ರಧಾನಮಂತ್ರಿ ರೋಜಗಾರ್ ಯೋಜನೆಯವು, ನಮ್ಮ ಬಾಯಲ್ಲಿ ಪಿ.ಎಂ.ಆರ್.ವೈ. 1993ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಅದು. ಶಾಲೆ ಕಲಿತು ಕೆಲಸವಿಲ್ಲದೆ ಕುಳಿತ ಹುಡುಗರಿಗೆ ಅಂಗಡಿಯೋ ವರ್ಕ್‌ಶಾಪೋ ಹಾಕಲು 1 ಲಕ್ಷ ರೂಪಾಯಿವರೆಗೆ ಸಾಲ. ಹುಡುಗ ತನ್ನ ಕೈಯಿಂದ ಶೇಕಡಾ 5 ಹಾಕಬೇಕು. ಶೇಕಡಾ ಹದಿನೈದು ಸಬ್ಸಿಡಿ, ಅದೂ 7,500 ರೂಪಾಯಿ ಮೀರದಂತೆ. ಅರ್ಜಿ ಠಾಣೆಯ ಜಿಲ್ಲಾ ಉದ್ಯೋಗ ಕೇಂದ್ರಕ್ಕೆ ಹೋಗಿ, ಅಲ್ಲಿ ಸಮಿತಿಯವರು ಸಂದರ್ಶನ ಮಾಡಿ, ಪಾಸಾದವರ ಹೆಸರು ಬ್ಯಾಂಕಿಗೆ ಬರುತ್ತಿತ್ತು.

ಬ್ಯಾಂಕಿನವರಿಗೆ ಇಂಥ ಸಾಲವೆಂದರೆ ಅಷ್ಟಕ್ಕಷ್ಟೆ. 1980ರ ದಶಕದಲ್ಲಿ ಜನಾರ್ದನ ಪೂಜಾರಿಯವರ ಸಾಲಮೇಳಗಳನ್ನು ಕಂಡ ತಲೆಮಾರು ನಮ್ಮದು. ಅದರಿಂದ ಬದುಕು ಕಟ್ಟಿಕೊಂಡವರನ್ನೂ ಬಲ್ಲೆ, ಸಾಲ ಅಂದರೆ ಸರ್ಕಾರದ ಪ್ರಸಾದ ಅಂತ ತಿಂದು ಕೈತೊಳೆದವರನ್ನೂ ಬಲ್ಲೆ. ಮಾರ್ಚಿನಲ್ಲಿ ಮೇಲಿನವರು 'ಗುರಿ ಎಷ್ಟಾಯ್ತು' ಎಂದು ಕೇಳುತ್ತಿದ್ದರು. ಮುಂದಿನ ಮಾರ್ಚಿನಲ್ಲಿ ಅವರೇ 'ವಸೂಲಿ ಎಷ್ಟಾಯ್ತು' ಎನ್ನುತ್ತಿದ್ದರು. ನಡುವೆ ಮೇಜಿನ ಮೇಲಿರುವವನು ನಾನು.

ಆದ್ದರಿಂದ ನಾವು ಒಂದು ಕೆಲಸ ಮಾಡುತ್ತಿದ್ದೆವು. ಈಗ ಹೇಳಬಹುದು, ಪಿಂಚಣಿಗೆ ಧಕ್ಕೆಯಿಲ್ಲ. ಈ ಯೋಜನೆಯಲ್ಲಿ ಬೇರೆಯವರ ಜಾಮೀನು ಕೇಳಬಾರದು, ಸಾಲದ ದುಡ್ಡಿನಲ್ಲಿ ಕೊಂಡ ಸಾಮಾನೇ ಭದ್ರತೆ ಎಂದು ನಿಯಮವಿತ್ತು. ನಾವು ಕೇಳುತ್ತಿದ್ದೆವು. ಸ್ಟ್ಯಾಂಪ್ ಕಾಗದದ ಮೇಲೆ ಯಾರಾದರೂ ನಾಲ್ಕು ಕಾಸು ಇದ್ದವರ ಸಹಿ ಹಾಕಿಸಿ, ಲಕೋಟೆಯಲ್ಲಿಟ್ಟು, ಫೈಲಿನ ಹಿಂಬದಿಗೆ ಪಿನ್ನು ಚುಚ್ಚಿಡುತ್ತಿದ್ದೆವು. ಕೋರ್ಟಿಗೆ ಹೋಗಲು ಅಲ್ಲ, ಹೆದರಿಸಲು.

1999ರಲ್ಲಿ ಆ ಹುಡುಗ ಬಂದ. ಬಿಜಾಪುರ ಜಿಲ್ಲೆಯ ಇಂಡಿ ಕಡೆಯವನು, ಇಪ್ಪತ್ನಾಲ್ಕು ವರ್ಷ, ಸ್ಟೇಷನ್ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದ. ಈಗ ತನ್ನದೇ ಝೆರಾಕ್ಸ್ ಮತ್ತು ಎಸ್.ಟಿ.ಡಿ. ಬೂತ್ ಹಾಕಬೇಕು. ಯೋಜನಾ ವೆಚ್ಚ 90,000. ಸಮಿತಿ ಪಾಸು ಮಾಡಿತ್ತು, ಕೆಲವು ದಿನದ ತರಬೇತಿಯ ಪ್ರಮಾಣಪತ್ರವೂ ಇತ್ತು. ಯಂತ್ರದ ಕೊಟೇಶನ್ ಇತ್ತು. ಇಲ್ಲದ್ದು ಒಂದೇ, ಅಂಗಡಿ.

"ಜಾಗದ ಕರಾರುಪತ್ರ ತೊಗೊಂಡು ಬಾ, ಆಮೇಲೆ ಸಾಲ" ಎಂದೆ. ಎರಡು ದಿನ ಬಿಟ್ಟು ಬಂದ. ಮಾಲೀಕ 25,000 ಡಿಪಾಜಿಟ್ ಇಟ್ಟ ಮೇಲೇ ಕರಾರು ಮಾಡಿಕೊಡುತ್ತಾನಂತೆ. ನಮ್ಮ ಶಾಖೆ ಯಂತ್ರಕ್ಕೆ ಸಾಲ ಕೊಡುತ್ತಿತ್ತು, ಡಿಪಾಜಿಟ್ಟಿಗಲ್ಲ. ಹುಡುಗ ನನ್ನ ಮುಖ ನೋಡಿ ಕೇಳಿದ: "ಅಂಗಡಿ ಇಲ್ದ ಸಾಲ ಇಲ್ಲ, ಸಾಲ ಇಲ್ದ ಅಂಗಡಿ ಇಲ್ಲ ಅಂದ್ರ ಹ್ಯಾಂಗ್ರಿ ಸರ? ಎಲ್ಲಿಂದ ಚಾಲೂ ಮಾಡ್ಬೇಕು?"

ನನ್ನ ಬಳಿ ಉತ್ತರವಿರಲಿಲ್ಲ. ಊರಿನಲ್ಲಿರುವವರಿಗೆ ಇದರ ಬಿಸಿ ಅಷ್ಟಾಗಿ ತಿಳಿಯಲಿಕ್ಕಿಲ್ಲ. ಊರಿನಲ್ಲಿ ಅಂಗಡಿ ಹಾಕುವವನಿಗೆ ಮಾವನ ಪಡಸಾಲೆಯೋ ಗುಡಿಯ ಪಕ್ಕದ ಕಟ್ಟೆಯೋ ಇರುತ್ತದೆ. ಇಲ್ಲಿ ಹತ್ತು ಅಡಿಗೆ ಎಂಟು ಅಡಿ ಜಾಗಕ್ಕೂ 'ಲೀವ್ ಅಂಡ್ ಲೈಸೆನ್ಸ್' ಕರಾರು, ಅದೂ ಹನ್ನೊಂದು ತಿಂಗಳಿಗೆ. ಸಾಲ ತೀರಿಸಲು ಐದು ವರ್ಷ, ವಿಳಾಸಕ್ಕೆ ಹನ್ನೊಂದು ತಿಂಗಳು ಆಯುಷ್ಯ. ಅದರ ಮೇಲೆ ಗುಮಾಸ್ತಾ. ಮುಂಬಯಿ ಕಡೆ ಅಂಗಡಿ ಕಾಯ್ದೆಯ ನೋಂದಣಿಗೆ 'ಗುಮಾಸ್ತಾ ಲೈಸೆನ್ಸ್' ಎಂದೇ ಹೆಸರು. ನಾನು ಮೊದಲ ಸಲ ಕೇಳಿದಾಗ ಗುಮಾಸ್ತನನ್ನು ನೇಮಿಸಿಕೊಳ್ಳಲು ಬೇಕಾದ ಪರವಾನಗಿ ಅಂದುಕೊಂಡಿದ್ದೆ. ಅದಕ್ಕೂ ಜಾಗದ ಕಾಗದ ಬೇಕು.

ಬೆಳ್ತಂಗಡಿ ಕಡೆ ಇದ್ದಾಗ ನಾನು ಬೇರೆ ರೀತಿ ನೋಡಿದ್ದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಧರ್ಮಸ್ಥಳದ ಟ್ರಸ್ಟು ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಕಟ್ಟಿದ್ದು. ಅಲ್ಲಿ ಹುಡುಗರಿಗೆ ಮೋಟಾರ್ ರಿವೈಂಡಿಂಗೋ ಹೊಲಿಗೆಯೋ ಕಲಿಸಿ ಕೈತೊಳೆಯುತ್ತಿರಲಿಲ್ಲ. ಕಲಿತು ಹೋದವನ ಬೆನ್ನಿಗೆ ಎರಡು ವರ್ಷ ಇರುತ್ತಿದ್ದರು. ಅಂಗಡಿ ಸಿಕ್ಕಿತೇ, ಬ್ಯಾಂಕಿನವರು ಸತಾಯಿಸುತ್ತಿದ್ದಾರೆಯೇ, ಗಿರಾಕಿ ಬರುತ್ತಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಅದೇ ಮಾದರಿಯನ್ನು ಕೇಂದ್ರ ಸರ್ಕಾರ 2009ರಿಂದ ದೇಶದ ಜಿಲ್ಲೆಜಿಲ್ಲೆಗೂ ಒಯ್ದಿತು. ಕಲ್ಯಾಣದ ನನ್ನ ಮೇಜಿನ ಎದುರು ನಿಂತ ಹುಡುಗನ ಬೆನ್ನಿಗೆ ಮಾತ್ರ ಯಾರೂ ಇರಲಿಲ್ಲ.

ಬಂದವರು ಹೋಟೆಲಿನ ಅಣ್ಣ. ಹೆಸರು ಬೇಡ, ಅವರಿದ್ದರೆ ಒಪ್ಪುತ್ತಿರಲಿಲ್ಲ. ಕುಂದಾಪುರದ ಕಡೆಯವರು, ಪಶ್ಚಿಮ ಕಲ್ಯಾಣದಲ್ಲಿ ಹದಿನಾರು ಮೇಜಿನ ಹೋಟೆಲು. ನಾನು ದಿನಾ ಸಂಜೆ ಅಲ್ಲಿ ಚಹಾ ಕುಡಿಯುವವನು. ಒಂದು ಸಂಜೆ ಈ ಹುಡುಗನ ಕಥೆ ಹೇಳಿದೆ. ಅವರಿಗೆ ಆ ಹುಡುಗನ ಕನ್ನಡವೇ ಸರಿಯಾಗಿ ತಿಳಿಯುತ್ತಿರಲಿಲ್ಲ, ಅವನಿಗೆ ಅವರದು ತಿಳಿಯುತ್ತಿರಲಿಲ್ಲ. ಇಬ್ಬರೂ ಕೊನೆಗೆ ಮುಂಬಯಿ ಹಿಂದಿಯಲ್ಲಿ ಮಾತಾಡಿದರು. ಅಣ್ಣ ಮಾಲೀಕನ ಬಳಿ ಹೋಗಿ 'ನಮ್ಮ ಹುಡುಗ' ಎಂದು ಹೇಳಿ, ಡಿಪಾಜಿಟ್ಟಿನ 25,000 ತಾವೇ ಕೊಟ್ಟರು. ಹುಡುಗ ತಿಂಗಳಿಗಿಷ್ಟು ಎಂದು ಅದನ್ನು ತೀರಿಸಿದ. ಆ ಕಥೆ ಅಲ್ಲಿಗೆ ಚೊಕ್ಕ.

ಯಾಕೆ ಕೊಟ್ಟಿರಿ ಎಂದು ಕೇಳಿದ್ದೆ. ಹನ್ನೊಂದನೇ ವಯಸ್ಸಿಗೆ ಬಂದು ಬಸಿ ತೊಳೆದವರು ಅವರು. ಮುಂದೆ ಹೋಟೆಲು ಹಾಕುವಾಗ ದೊಡ್ಡ ಬ್ಯಾಂಕಿನ ಬಾಗಿಲಿನಿಂದ ವಾಪಸು ಬಂದು, ತಮ್ಮ ಸಮಾಜದವರೇ ನಡೆಸುವ ಸಹಕಾರಿ ಬ್ಯಾಂಕಿನಿಂದ ಮೊದಲ ಸಾಲ ಪಡೆದವರು. ಮುಂಬಯಿಯ ಕನ್ನಡಿಗರ ವ್ಯಾಪಾರದ ಬೇರು ಇಂಥಲ್ಲೇ ಇದೆ. ಮೊಗವೀರರು 1946ರಲ್ಲೇ ಸಹಕಾರಿ ಬ್ಯಾಂಕು ಮಾಡಿಕೊಂಡರು, ಬಿಲ್ಲವರ ಸಂಘ 1978ರಲ್ಲಿ ಭಾರತ್ ಬ್ಯಾಂಕನ್ನು ಕಟ್ಟಿತು. ಅದಕ್ಕೂ ಮುಂಚೆ, 1928ರಲ್ಲೇ, ನಂತರ ಸಿಂಡಿಕೇಟ್ ಎಂದು ಹೆಸರಾದ ಉಡುಪಿಯ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುತ್ತಿತ್ತು. ಆ ಬ್ಯಾಂಕೇ 2020ರಲ್ಲಿ ಕೆನರಾದಲ್ಲಿ ಲೀನವಾಯಿತು ಬಿಡಿ. ಎರಡಾಣೆ ಕಟ್ಟಿದವನ ಗುಣ ಎರಡಾಣೆ ಒಯ್ದವನಿಗೆ ಗೊತ್ತಿರುತ್ತಿತ್ತು. ನನ್ನ ಬಿಜಾಪುರದ ಹುಡುಗ ಯಾವ ಸಮಾಜದ ಬ್ಯಾಂಕಿಗೂ ಸೇರಿದವನಲ್ಲ.

ಕರಾರು ಆಯಿತು, ಗುಮಾಸ್ತಾ ಆಯಿತು. ಕೊನೆಗೆ ಮ್ಯಾನೇಜರರು "ಲಕೋಟೆ?" ಎಂದು ಕೇಳಿದರು. ನಾನು ಆ ಸಂಜೆ ಸ್ಟ್ಯಾಂಪ್ ಕಾಗದ ಮಡಿಸಿಕೊಂಡು ಹೋಟೆಲಿಗೆ ಹೋದೆ. ಅಣ್ಣ ಗಲ್ಲಾದಲ್ಲಿ ಕುಳಿತೇ ಸಹಿ ಹಾಕಿದರು, ಓದಲಿಲ್ಲ. "ನೀವು ತಂದಿದ್ದೀರಲ್ಲ ಮಾರಾಯ್ರೆ, ಓದುವುದೆಂತದು?" ಎಂದರು. ಇದು ಬೇಕಿಲ್ಲದ ಕಾಗದ, ನಿಯಮದಲ್ಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಚಹಾ ಬಂತು, ಕುಡಿದೆ.

ಅಂಗಡಿ ಚೆನ್ನಾಗೇ ನಡೆಯಿತು. ರಾತ್ರಿ ದರ ಇಳಿದ ಮೇಲೆ ಊರಿಗೆ ಫೋನ್ ಮಾಡುವವರು ಬೂತಿನ ಹೊರಗೆ ಸಾಲು ನಿಲ್ಲುತ್ತಿದ್ದರು. ಗಾರೆ ಕೆಲಸದವರು, ಮಾರುಕಟ್ಟೆಯ ಹಮಾಲರು, ಇಂಡಿ, ಅಫಜಲಪುರ, ಆಳಂದದ ಕಡೆಯವರು. ಗಾಜಿನ ಒಳಗೆ ಮೀಟರಿನ ಕೆಂಪಂಕಿ ಓಡುತ್ತಿದ್ದಂತೆ ಅವರ ಮಾತೂ ಓಡುತ್ತಿತ್ತು. ಮಳೆ ಬಂತೇನು, ಎಮ್ಮೆ ಈಯಿತೇನು, ಮಗು ನಡೆಯುತ್ತದೇನು. ನಾನೂ ಅಲ್ಲಿಂದಲೇ ಧಾರವಾಡಕ್ಕೆ ಅವ್ವನಿಗೆ ಫೋನ್ ಮಾಡುತ್ತಿದ್ದೆ. 2000ದಲ್ಲಿ ನನಗೆ ಫೋರ್ಟಿನ ಶಾಖೆಗೆ ವರ್ಗವಾಯಿತು. ಮನೆ ಇಲ್ಲೇ, ನೌಕರಿ ಅಲ್ಲಿ, ಬೆಳಗಿನ ಫಾಸ್ಟ್ ಲೋಕಲು. ಹೋಟೆಲಿನ ಚಹಾ ಭಾನುವಾರಕ್ಕೆ ಇಳಿಯಿತು, ಆಮೇಲೆ ಅದೂ ತಪ್ಪಿತು.

2003ರ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆ ಪುಕ್ಕಟೆಯಾಯಿತು. ಊರಿನಿಂದಲೇ ಫೋನ್ ಬರತೊಡಗಿದ ಮೇಲೆ ಬೂತಿನ ಮುಂದೆ ಸಾಲು ಯಾಕೆ ನಿಲ್ಲುತ್ತಾರೆ? ಒಂದೂವರೆ ವರ್ಷದಲ್ಲಿ ಬರೀ ಝೆರಾಕ್ಸಿನ ಮೇಲೆ ಬಾಡಿಗೆ ಹೊರಡದಂತಾಯಿತು. ಅಂಗಡಿ ಮುಚ್ಚಿ ಹುಡುಗ ಭಿವಂಡಿಯ ಗೋದಾಮೊಂದರಲ್ಲಿ ಲೆಕ್ಕ ಬರೆಯಲು ಹೋದ ಎಂದು ಕೇಳಿದೆ. ನಾವೇ ಒಂದೊಂದು ಬೀದಿಗೆ ಮೂರು ಮೂರು ಎಸ್.ಟಿ.ಡಿ. ಬೂತುಗಳಿಗೆ ಸಾಲ ಕೊಟ್ಟಿದ್ದೆವು. ಯಾವ ವ್ಯಾಪಾರ ಎಷ್ಟು ವರ್ಷ ನಿಲ್ಲುತ್ತದೆಂದು ಸಮಿತಿಯೂ ಕೇಳಲಿಲ್ಲ, ಎಂ.ಕಾಂ. ಓದಿದ ನಾನೂ ಕೇಳಲಿಲ್ಲ. ಯೋಜನೆ ತಾನೇ 2008ರಲ್ಲಿ ಬೇರೊಂದರೊಳಗೆ ಸೇರಿ ಹೊಸ ಹೆಸರು ಪಡೆಯಿತು. ಆ ಸಾಲದ ಬಾಕಿ ಏನಾಯಿತೆಂದು ನಾನು ವಿಚಾರಿಸಲಿಲ್ಲ. ಮೇಜು ನನ್ನದಾಗಿರಲಿಲ್ಲವಲ್ಲ.

2011ರಲ್ಲಿ ಅಣ್ಣನಿಗೆ ಹೃದಯದ ಆಪರೇಷನ್ ಆಯಿತೆಂದು ನೋಡಲು ಹೋದೆ. ಮಾತಿಗೆ ಮಾತು ಬಂದು ಆ ಹುಡುಗನ ಸುದ್ದಿ ಬಂತು. "ಅದು ಮುಗೀತಲ್ಲ, ಕೊನೆಯ ಹದಿನಾಲ್ಕು ಕಂತು ನಾನೇ ಕಟ್ಟಿದೆ" ಎಂದರು, ಹಾಲಿನ ಬಿಲ್ಲು ಕಟ್ಟಿದ ಹಾಗೆ. ನನ್ನ ನಂತರ ಬಂದ ಯಾರೋ ಲಕೋಟೆ ತೆಗೆದು ಅವರನ್ನು ಕರೆಸಿದ್ದರಂತೆ. ಪ್ರತಿ ತಿಂಗಳು ಒಂದು ಶನಿವಾರ ತಾವೇ ಹೋಗಿ ಚಲನ್ ತುಂಬಿ ಬರುತ್ತಿದ್ದರಂತೆ.

ಆಗ ಹೇಳಿದೆ. ಅಣ್ಣಾ, ಆ ಕಾಗದವನ್ನು ನಾವು ಕೇಳುವಂತೆಯೇ ಇರಲಿಲ್ಲ, ನೀವು ಕಟ್ಟಬೇಕಾಗಿರಲಿಲ್ಲ, ನಾನು ಅವತ್ತೇ ಹೇಳಬೇಕಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಹಿ ನನ್ನದೇ ಅಲ್ವ?" ಎಂದರು. ಆಮೇಲೆ ಮಗನನ್ನು ಕರೆದು "ಇವರಿಗೆ ಬಾಳೆಹಣ್ಣಿನ ಬನ್ಸ್ ಕೊಡು" ಎಂದರು. ಕ್ಷಮಿಸಿದರೋ ಇಲ್ಲವೋ ಆ ಬನ್ಸಿನಿಂದ ನನಗೆ ತಿಳಿಯಲಿಲ್ಲ. ಈಗ ಅವರಿಲ್ಲ. ಹೋಟೆಲಿನಲ್ಲಿ ಮಗ ಚೈನೀಸೂ ಮಾಡುತ್ತಾನೆ.

ನಿವೃತ್ತನಾದ ಮೇಲೆ ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಕುಳಿತು ಬಂದವರಿಗೆ ಅರ್ಜಿ ತುಂಬಿಕೊಡುತ್ತೇನೆ. ಪಿಂಚಣಿ, ಪ್ಯಾನ್ ಕಾರ್ಡು, ಸಾಲ, ಏನಾದರೂ ಸರಿ. 2023ರಲ್ಲಿ ಒಂದು ಭಾನುವಾರ ಒಬ್ಬ ಹೆಂಗಸು ಬಂದಳು. ನೆರಳಿನಂತೆ ಹಿಂದೆ ನಿಂತಿದ್ದವನ ಮುಖ ನೋಡಿ ಗುರುತು ಹಿಡಿದೆ. ತಲೆ ಬೆಳ್ಳಗಾಗಿತ್ತು, ಅದೇ ಹುಡುಗ. ಇವಳು ಅವನ ಹೆಂಡತಿ.

ಬೂತು ಮುಚ್ಚಿದ ಮೇಲೆ ಅವಳು ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಮಾರಿದಳು. ಮೊದಲು ಹಮಾಲರಿಗೆ, ಆಮೇಲೆ ಡೊಂಬಿವಲಿಯ ಪೋಳಿ-ಭಾಜಿ ಕೇಂದ್ರಗಳಿಗೆ. ಆ ಕಾಲದಲ್ಲಿ ನಗರದ ಬಡವರಿಗೆಂದು ಸ್ವರ್ಣಜಯಂತಿ ಶಹರಿ ರೋಜಗಾರ್ ಯೋಜನೆ ಇತ್ತು, 1997ರಿಂದ. ಅದಕ್ಕೆ ಬಡವರ ಪಟ್ಟಿಯಲ್ಲಿ ಹೆಸರಿರಬೇಕು. ಇವರ ರೇಷನ್ ಕಾರ್ಡು ಇನ್ನೂ ಇಂಡಿಯಲ್ಲಿತ್ತು, ಹಾಗಾಗಿ ಕಲ್ಯಾಣದ ಲೆಕ್ಕದಲ್ಲಿ ಇವರು ಬಡವರಲ್ಲ. ಓಣಿಯ ಬಚತ್ ಗಟ, ಅಂದರೆ ನಮ್ಮ ಸ್ವಸಹಾಯ ಸಂಘ, ಅದೇ ಕೈ ಹಿಡಿಯಿತು. ಕೊರೋನಾ ನಂತರ ಗಾಡಿಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಇಟ್ಟಳು. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಬಂದ ಸ್ವನಿಧಿ ಯೋಜನೆಯಲ್ಲಿ 10,000 ಪಡೆದು ತೀರಿಸಿ, ಮತ್ತೆ 20,000 ಪಡೆದು ತೀರಿಸಿದ್ದಳು. ಆ ಮೊದಲ ಕಂತು 2025ರಿಂದ 15,000 ಆಗಿದೆ. ಇದೊಂದು ಯೋಜನೆಯ ಬಗ್ಗೆ ನನಗೆ ನಿಜವಾಗಿ ಗೌರವವಿದೆ. ಸಣ್ಣ ಸಾಲ ಕೊಟ್ಟು, ತೀರಿಸಿದವಳಿಗೆ ದೊಡ್ಡದು ಕೊಡುವುದು, ಪಿಗ್ಮಿಯವರು ಕಂಡುಕೊಂಡಿದ್ದ ದಾರಿಯ ಹತ್ತಿರದ್ದೇ.

ಈಗ ಅವಳಿಗೆ ಅಂಗಡಿ ಬೇಕು. ಪೂರ್ವ ಕಲ್ಯಾಣದ ಕೋಳಸೇವಾಡಿಯಲ್ಲಿ ಜಾಗ ನೋಡಿದ್ದಾಳೆ. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 2 ಲಕ್ಷಕ್ಕೆ ಅರ್ಜಿ. ಒಲೆ, ಕಪಾಟು, ತೂಕದ ಯಂತ್ರ, ಸೊಲ್ಲಾಪುರದ ಮಾಲದಂಡಿ ಜೋಳ. ರೊಟ್ಟಿ ಮಾಡುವ ಯಂತ್ರ ಬೇಡವೇ, ಅದಕ್ಕೆ ಬೇರೆ ಸಬ್ಸಿಡಿ ಇದೆ ಎಂದೆ. "ಯಂತ್ರದ್ದು ಬಾಯಿಗೆ ಹತ್ತೂದಿಲ್ರಿ" ಎಂದಳು. ಮುಗಿಯಿತು.

ಈ ಸಲ ನಾನು ಮೊದಲು ಮಾಲೀಕನ ಬಳಿ ಹೋದೆ. ಉಲ್ಹಾಸನಗರದ ಸಿಂಧಿ ಮುದುಕ. ಕಲ್ಯಾಣದ ಮಿಲಿಟರಿ ಕ್ಯಾಂಪಿನಲ್ಲಿ ನಿರಾಶ್ರಿತರಾಗಿ ಬಂದಿಳಿದು, 1949ರಲ್ಲಿ ಊರಿಗೆ ಆ ಹೆಸರು ಬಿದ್ದಾಗಿನಿಂದ ಅಲ್ಲೇ ಬಟ್ಟೆ ವ್ಯಾಪಾರ ಮಾಡಿದ ಮನೆತನ. ಹನ್ನೊಂದು ತಿಂಗಳ ಬದಲು ಮೂವತ್ತಾರು ತಿಂಗಳ ನೋಂದಾಯಿತ ಕರಾರು ಕೊಡಿ ಎಂದೆ. ವರ್ಷಕ್ಕೆ ಶೇಕಡಾ 10 ಬಾಡಿಗೆ ಏರಿಸಿ ಒಪ್ಪಿದ. ಮರುಕವೇನೂ ಪಡಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಡಿಪಾಜಿಟ್ಟಿನ ಅರ್ಧ ಬಚತ್ ಗಟದಿಂದ ಬಂತು, ಇನ್ನರ್ಧ ಅವಳ ಬೋರಮಾಳದಿಂದ. ಗುಮಾಸ್ತಾ ಈಗ ಸುಲಭ. 2017ರ ಕಾಯ್ದೆಯ ಮೇಲೆ ಆಗ ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ತಿಳಿಸಿದರೆ ಸಾಕಿತ್ತು. ಆಹಾರ ಪರವಾನಗಿಯವರ ಸಣ್ಣ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಎಲ್ಲವನ್ನೂ ಫೋನಿನಲ್ಲೇ ಅವಳ ಮಗಳು ಮಾಡಿದಳು, ನಾನು ಕನ್ನಡಕ ಒರೆಸುತ್ತ ಕುಳಿತಿದ್ದೆ.

ಬ್ಯಾಂಕಿಗೆ ಜತೆಯಲ್ಲಿ ಹೋದೆ. ಸಾಲದ ಮೇಜಿನಲ್ಲಿ ಇಪ್ಪತ್ತೇಳರ ಹುಡುಗಿ, ನನ್ನ ಹಿಂದಿನ ನೌಕರಿ ತಿಳಿದು ಕುರ್ಚಿ ಕೊಟ್ಟು 'ಸರ್' ಎಂದಳು. ಕಾಗದವೆಲ್ಲ ನೋಡಿದಳು, ಸರಿಯಿದೆ ಎಂದಳು. ಆಮೇಲೆ ದನಿ ತಗ್ಗಿಸಿ, "ಸರ್, ನೀವು ಇವರನ್ನು ಬಲ್ಲಿರಲ್ಲ, ನೀವೇ ಒಂದು ಗ್ಯಾರಂಟಿ ಹಾಕಿಬಿಡಿ, ಮ್ಯಾನೇಜರ್ ಬೇಗ ಪಾಸು ಮಾಡ್ತಾರೆ" ಎಂದಳು. ಮುದ್ರಾ ಸಾಲಕ್ಕೆ ಜಾಮೀನು ಬೇಡ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ದನಿ ತಗ್ಗಿಸುವ ಕ್ರಮ ಕೂಡ ನನಗೆ ಗೊತ್ತಿದ್ದದ್ದೇ.

ಕೈ ಜೇಬಿನ ಪೆನ್ನಿಗೆ ಹೋಯಿತು. ಸಹಿ ಹಾಕಲು ಹೋಯಿತೋ, ಪೆನ್ನು ಭದ್ರವಾಗಿದೆಯೋ ಎಂದು ನೋಡಲು ಹೋಯಿತೋ ನಿಜಕ್ಕೂ ಹೇಳಲಾರೆ. ಹೆಂಡತಿಯ ಮುಖ, ಪಿಂಚಣಿ, ಮಗಳ ಮನೆಗೆ ಕೊಡಬೇಕಾದ ದುಡ್ಡು ಎಲ್ಲ ಒಟ್ಟಿಗೆ ನೆನಪಾದವು. ಅಷ್ಟರಲ್ಲಿ ಹುಡುಗಿಯ ಹಿಂದಿ ಅರ್ಥ ಮಾಡಿಕೊಂಡ ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಯಾರ್ದೂ ಸಹಿ ಬ್ಯಾಡ್ರಿ ಸರ. ಒಮ್ಮೆ ಆತಲ್ಲ, ಸಾಕು. ಅವರ ಮನಿಗೆ ಈಗೂ ನಮಗ ಮಾರಿ ಎತ್ತಿ ಹೋಗಾಕ ಆಗೂದಿಲ್ಲ." ಗಂಡ ನೆಲ ನೋಡುತ್ತ ನಿಂತಿದ್ದ.

ನಾನು ಆ ಹುಡುಗಿಗೆ ನಿಯಮ ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು. ಅವಳ ಮುಖ ಸಣ್ಣದಾಯಿತು. ಆಮೇಲೆ ನನಗೇ ಪಾಪ ಅನ್ನಿಸಿತು. ಅವಳ ತಲೆಯ ಮೇಲೂ ಯಾವುದೋ ಮಾರ್ಚು ಕುಳಿತಿರುತ್ತದೆ. ಸಾಲ ಐದು ವಾರ ತಡವಾಗಿ ಬಂತು, 2 ಲಕ್ಷದ ಬದಲು ಒಂದೂವರೆ. ಎರಡು ಕಪಾಟಿನ ಜಾಗದಲ್ಲಿ ಒಂದು ಬಂತು, ಜೋಳ ಸ್ವಲ್ಪ ಸ್ವಲ್ಪವೇ ತರಿಸಿದಳು.

ಗುಡಿ ಪಾಡ್ವದ ದಿನ ಅಂಗಡಿ ತೆರೆಯಿತು. ಹಲಗೆಯ ಮೇಲೆ ಮರಾಠಿ ದೊಡ್ಡದಾಗಿ, 2022ರ ತಿದ್ದುಪಡಿಯಿಂದ ಸಣ್ಣ ಅಂಗಡಿಗೂ ಅದು ಕಡ್ಡಾಯ. ಊರಿನಲ್ಲಿ ಕನ್ನಡಕ್ಕೆ ನಾವು ಕೇಳುವುದೂ ಅದನ್ನೇ ಅಲ್ಲವೇ, ತಕರಾರಿಲ್ಲ. 'ಭಾಕರಿ' ಎಂಬುದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಜ್ವಾಳದ ರೊಟ್ಟಿ' ಎಂದು ಕನ್ನಡದಲ್ಲಿದೆ. 'ಜೋಳ' ಎಂದು ತಿದ್ದಿಸೋಣವೇ ಎಂದೆ. ಬೇಡ, ಓದೋರು ಹಂಗ ಅಂತಾರ ಎಂದಳು.

ಮೊದಲ ದಿನದ ರೊಟ್ಟಿಯನ್ನು ಒಂದು ಡಬ್ಬಿಗೆ ತುಂಬಿ ಗಂಡನ ಕೈಗೆ ಕೊಟ್ಟು, ಪಶ್ಚಿಮದ ಹೋಟೆಲಿಗೆ ಕೊಟ್ಟು ಬಾ ಎಂದಳು. ಅವನು ನನ್ನ ಮುಖ ನೋಡಿದ. ನಾನೂ ಹೊರಟೆ. ಸ್ಟೇಷನ್ನಿನ ಸೇತುವೆ ದಾಟಿ ಇಬ್ಬರೂ ನಡೆದೇ ಹೋದೆವು, ಡಬ್ಬಿ ಬಿಸಿಯಿತ್ತು, ಅವನು ಕೈ ಬದಲಿಸುತ್ತ ಹಿಡಿದುಕೊಂಡಿದ್ದ.